ಏಳನೇ ತಿರುವಿನ ಸೀಟಿ

ಫೆಬ್ರವರಿ 9

ದೊಡ್ಡ ಆಫೀಸಿನ ದೊಡ್ಡ ಮನುಷ್ಯಳಿಗೆ ಅಕ್ಕ ಬರೆಯುವುದು,

ಫೋನಿನಲ್ಲಾದರೆ ನಾವಿಬ್ಬರೂ ಮಾತು ಮುಗಿಯುವ ಮೊದಲೇ ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ಬೈಗುಳವನ್ನು ಕೊನೆಯವರೆಗೂ ಓದಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಪೇಪರಿನಲ್ಲಿ ಮುಂದಿನ ವರ್ಷದ ಕಾರು ರೇಸುಗಳ ಪಟ್ಟಿ ಬಂತು. ಅಪ್ಪ ಟ್ರ್ಯಾಕಿನ ತಿರುವಿನಲ್ಲಿ ಬಾವುಟ ಹಿಡಿಯಲು ಶುರುಮಾಡಿದಾಗ ನಿಮ್ಮ ಚಾಂಪಿಯನ್‌ಶಿಪ್ಪಿಗೆ ವರ್ಷಕ್ಕೆ ಒಂಬತ್ತು ರೇಸು. ಈಗ ಇಪ್ಪತ್ತನಾಲ್ಕು. ಹೊಸದಾಗಿ ಆರು ದೇಶಗಳು ಸೇರಿವೆ. ಒಂದು ಕಡೆ ಮರಳುಗಾಡಿನ ನಡುವೆ, ಒಂದು ಕಡೆ ಸಮುದ್ರಕ್ಕೆ ಮಣ್ಣು ತುಂಬಿಸಿ, ಇನ್ನೊಂದು ಕಡೆ ಜನ ಓಡಾಡುವ ನಡುಬೀದಿಯಲ್ಲೇ ಟ್ರ್ಯಾಕು ಮಾಡುತ್ತಾರಂತೆ. ಪಟ್ಟಿಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಜಗತ್ತೇ ನಮ್ಮ ಅಂಗಳ’ ಎಂದು ಹಾಕಿದ್ದಾರೆ. ಅಷ್ಟು ದೊಡ್ಡ ಅಂಗಳದ ಕಸ ಗುಡಿಸುವವರು ಯಾರು ಎಂದು ಮಾತ್ರ ಹಾಕಿಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಮೂರು ಸಲ ಓದಿದೆ, ಕೆಳಗಿನಿಂದ ಮೇಲಕ್ಕೆ ಒಂದು ಸಲ ಓದಿದೆ. ನಮ್ಮ ಟ್ರ್ಯಾಕು ಅದರಲ್ಲಿಲ್ಲ. ಈ ಸೆಪ್ಟೆಂಬರಿನ ರೇಸೇ ನಮಗೆ ಕೊನೆಯದಂತೆ.

ಅಮ್ಮ ನಮ್ಮ ಹೊಲಿಗೆ ಅಂಗಡಿಯಲ್ಲಿ ಪಕ್ಕಕ್ಕೇ ಕೂತು ಒಂದು ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. “ನಿನ್ನ ತಂಗಿ ಅಲ್ಲೇ ಇದಾಳಲ್ಲೇ, ಅವಳಿಗೆ ಗೊತ್ತಿರ್ಲಿಲ್ವಾ?” ಅಂದಳು. “ಗೊತ್ತಿಲ್ದೆ ಏನಮ್ಮ, ಅವಳೇ ಮುಂದೆ ನಿಂತು ಮಾಡ್ಸಿರ್ತಾಳೆ” ಅಂದೆ. ಅಮ್ಮ ಹಲ್ಲಿನಲ್ಲಿ ದಾರ ಕಡಿದು ಮುಂದಿನ ಗುಂಡಿ ಎತ್ತಿಕೊಂಡಳು.

ನವೆಂಬರಿನಲ್ಲಿ ನೀನು ಪುಸ್ತಕಗಳನ್ನು ಕೇಳಿದೆ. ಪ್ರತಿ ರೇಸಿನ ಸಂಜೆ ಏಳನೇ ತಿರುವಿನ ಕಾವಲಿನವರು ಕಂಡದ್ದನ್ನೆಲ್ಲ ಬರೆದಿಡುವ ಪುಸ್ತಕಗಳು. ಅಪ್ಪನವು ಹದಿನಾಲ್ಕು. ಅವರು ಆ ತಿರುವಿನಲ್ಲೇ ಹೋದ ಮೇಲೆ ನಾನು ಬರೆದವು ಹತ್ತೊಂಬತ್ತು. ನಮ್ಮ ಆಫೀಸಿನವರು ನೋಡಬೇಕಂತೆ ಎಂದು ನೀನು ಹೇಳಿದೆ. ನಾನು ದಡ್ಡಿ, ಉಬ್ಬಿಹೋದೆ. ಹಳದಿ ಬಾವುಟ ಹೊಲಿದು ಮಿಕ್ಕಿದ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಮೂಲೆಗೂ ಹೊಲಿಗೆ ಹಾಕಿ ಕಳಿಸಿದೆ. ಇಷ್ಟು ಚೊಕ್ಕವಾಗಿ ಬರೆದಿಟ್ಟ ತಿರುವು ಇನ್ನೊಂದಿಲ್ಲ ಎಂದು ನಾಲ್ಕು ಜನಕ್ಕೆ ತೋರಿಸುತ್ತೀಯ ಅಂದುಕೊಂಡಿದ್ದೆ.

ನಮ್ಮ ರೇಸು ತೆಗೆಯಲು ಆ ಪುಸ್ತಕಗಳನ್ನೇ ಬಳಸಿದಿರಾ? ಸುತ್ತಿ ಬಳಸಿ ಬರೆಯಬೇಡ. ಹೌದು ಅಥವಾ ಇಲ್ಲ, ಅಷ್ಟು ಸಾಕು.

ಇನ್ನೂ ನಿನ್ನ ಅಕ್ಕ ಎನಿಸಿಕೊಳ್ಳಬೇಕಾಗಿರುವ,
ನಾನು


ಫೆಬ್ರವರಿ 27

ಅಕ್ಕ,

ಹೌದು.

ನೀನು ಕೇಳಿದ್ದು ಅಷ್ಟೆ. ಉಳಿದದ್ದು ಬೇಡವಾದರೆ ಇಲ್ಲಿಗೇ ಮಡಚಿಡು. ಮಡಚುವುದಿಲ್ಲ ಎಂದು ಗೊತ್ತು.

ಮೊದಲು ಒಂದು ವಿಷಯ ತಿಳಿದುಕೋ. ಯಾವ ದೇಶಕ್ಕೆ ರೇಸು ಕೊಡಬೇಕು ಎಂದು ನಾನು ಹಂಚುವುದಿಲ್ಲ. ಟ್ರ್ಯಾಕಿನ ಯಾವ ಮೂಲೆಯಲ್ಲಿ ಎಷ್ಟು ಜನ ಬಾವುಟ ಹಿಡಿದು ನಿಲ್ಲಬೇಕು ಎಂದು ಬರೆದುಕೊಡುವುದು ನನ್ನ ಕೆಲಸ. ಆರು ಹೊಸ ದೇಶ, ಒಂದೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾವಲು. ಅಲ್ಲಿ ಅಪ್ಪನಿಂದ ಮಗಳಿಗೆ ಬಂದ ಬಾವುಟಗಳಿಲ್ಲ. ಕಾರು ಬರುವ ಸದ್ದಿಗೇ ಹಿಂದಕ್ಕೆ ಜಿಗಿಯುವ ಜನ. ಅವರಿಗೆ ಕಲಿಸಿ ನಿಲ್ಲಿಸಲು ನಮಗೆ ಹತ್ತು ತಿಂಗಳು ಕೊಟ್ಟಿದ್ದಾರೆ.

ಡಿಸೆಂಬರಿನ ಸಭೆಯಲ್ಲಿ ನಿನ್ನ ಪುಸ್ತಕಗಳನ್ನು ಮೇಜಿನ ಮೇಲಿಟ್ಟರು. ಉದ್ದನೆಯ ಗಾಜಿನ ಕೋಣೆ, ಹದಿನೈದು ಜನ, ಒಬ್ಬೊಬ್ಬರ ಮುಂದೆಯೂ ನೀರಿನ ಬಾಟಲಿ. ಅಪ್ಪ ಹೋದ ದಿನದ ಪುಟವನ್ನು ನಾನೇ ಓದಿ ಅವರ ಭಾಷೆಯಲ್ಲಿ ಹೇಳಬೇಕಾಯಿತು. ಅಪ್ಪನ ಹದಿನಾಲ್ಕನೇ ಪುಸ್ತಕದ ಕೊನೆಯ ಪುಟ, ನಿನ್ನ ಕೈಬರಹ. ಮರೆತಿದ್ದರೆ ನೆನಪಿಸುತ್ತೇನೆ: ‘ಅಪ್ಪ ಹಳದಿ ಬಾವುಟ ಬೀಸುತ್ತಿದ್ದರು. ಹಿಂದಿನಿಂದ ಕಾರೊಂದರಿಂದ ಕಳಚಿದ ಚಕ್ರ ಬಂತು. ಬೆನ್ನ ಕಾವಲಿನಲ್ಲಿದ್ದ ನಾನು ಸೀಟಿ ಊದಿದೆ. ಸೀಟಿಗೂ ಚಕ್ರಕ್ಕೂ ನಡುವೆ ನಾಲ್ಕು ಸೆಕೆಂಡು. ಪ್ರಯೋಜನವಾಗಲಿಲ್ಲ.’

ಆ ಪುಟದಿಂದ ಅವರು ಎರಡು ತೀರ್ಮಾನ ತೆಗೆದರು. ನಾಲ್ಕು ಸೆಕೆಂಡು ಮೊದಲೇ ಎಚ್ಚರಿಕೆ ಸಿಕ್ಕರೂ ಹದಿನಾಲ್ಕು ವರ್ಷ ಅನುಭವವಿದ್ದವರು ಉಳಿಯಲಿಲ್ಲ ಎಂದರೆ ಆ ತಿರುವಿನಲ್ಲಿ ಯಾರೂ ನಿಲ್ಲಬಾರದು, ಹಾಗಾಗಿ ಆ ಟ್ರ್ಯಾಕು ಬೇಡ. ಇದು ಒಂದು. ಸೀಟಿಯಿಂದ ಪ್ರಯೋಜನವೇ ಇಲ್ಲ ಎಂದ ಮೇಲೆ ಬೆನ್ನು ಕಾಯುವ ಎರಡನೆಯವರು ಯಾಕೆ, ಹೊಸ ಟ್ರ್ಯಾಕುಗಳಲ್ಲಿ ಕಾವಲಿಗೆ ಒಬ್ಬರೇ ಸಾಕು. ಇದು ಇನ್ನೊಂದು. ಅರ್ಧದಷ್ಟು ಜನರನ್ನು ಹುಡುಕುವ ತಲೆನೋವು ತಪ್ಪಿತು ಎಂದು ಎಲ್ಲರ ಮುಖವೂ ಅರಳಿತು. ತುಂಬಾ ಉಪಯುಕ್ತ ದಾಖಲೆ ಎಂದರು. ಬರೆದವಳು ನೀನು. ನಾನು ಓದಿದೆ, ಅಷ್ಟೆ.

ಆ ಟ್ರ್ಯಾಕು ಮುಚ್ಚಿದರೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಶೌಚಾಲಯದ ಬಾಗಿಲು ಮುಚ್ಚಿರಬೇಕಾದರೆ ಒಳಗಿನಿಂದ ಕಾಲು ಒತ್ತಿ ಕೂರಬೇಕಾದ ಜಾಗ ಅದು. ಅಪ್ಪನನ್ನು ನುಂಗಿದ ಮಣ್ಣಿನ ಮೇಲೆ ವರ್ಷ ವರ್ಷ ಹೊಸ ಬಾವುಟ ಹೊಲಿದುಕೊಂಡು ಹೋಗಿ ನಿಲ್ಲುತ್ತೀಯಲ್ಲ, ನಿನ್ನ ಕರುಳನ್ನು ಯಾವುದರಿಂದ ಮಾಡಿದ್ದಾರೆ?

ಅಮ್ಮನಿಗೆ ಮೊಣಕಾಲಿನ ಮುಲಾಮು ಬೇರೆ ಕಳಿಸಿದ್ದೇನೆ.

ತಂಗಿ


ಮಾರ್ಚ್ 15

ತಂಗಿಗೆ,

ಮುಲಾಮು ಬಂತು. ಅಮ್ಮ ಹಚ್ಚಿಕೊಳ್ಳಲಿಲ್ಲ. “ಅವಳೇ ಬಂದು ಹಚ್ಲಿ” ಅಂದಳು. ಈ ಮನೆಯಲ್ಲಿ ಮೂರು ಜನಕ್ಕೂ ಮೂಗಿನ ತುದಿಯಲ್ಲೇ ಕೋಪ ಎನ್ನುವುದು ನಿನಗೂ ಗೊತ್ತಿರುವುದೇ.

ರೇಸು ಹೋದರೆ ಹೋಗಲಿ. ಆ ಕಡೆಗೆ ಆಮೇಲೆ ಬರುತ್ತೇನೆ. ಎರಡನೆಯವರು ಬೇಡ ಎಂದು ಯಾವ ಬಾಯಲ್ಲಿ ಹೇಳಿದಿರಿ? ಗಾಜಿನ ಕೋಣೆಯಲ್ಲಿ ಕೂತ ಹದಿನೈದು ಜನರಲ್ಲಿ ಒಬ್ಬನಾದರೂ ಕಾವಲಿನಲ್ಲಿ ನಿಂತಿದ್ದನಾ? ನೀನು ನೋಡಿದ್ದೀಯ. ಆದರೂ ಎದ್ದು ನಿಂತು ಹೇಳಲಿಲ್ಲ. ಅದಕ್ಕೇ ನಾನೇ ಬರೆಯುತ್ತೇನೆ, ಬೇಕಾದರೆ ಇದನ್ನೂ ಅವರ ಭಾಷೆಯಲ್ಲಿ ಓದಿ ಹೇಳು.

ತಿರುವಿನಲ್ಲಿ ಯಾವುದೋ ಕಾರು ಜಾರಿ ಮರಳಿಗೆ ಬಿದ್ದರೆ ಮೊದಲನೆಯವರು ಆ ಕಡೆ ನೋಡುತ್ತಾರೆ. ಓಡಿಸುವವನು ಹೊರಗೆ ಬಂದನಾ, ಬೆಂಕಿ ಇದೆಯಾ, ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿದೆಯಾ ಎಂದು ನೋಡುತ್ತಲೇ ಎಚ್ಚರಿಕೆಯ ಹಳದಿ ಬಾವುಟ ಬೀಸಬೇಕು. ಆಗ ಹಿಂದಿನಿಂದ ಬರುವ ಕಾರುಗಳಿಗೆ ಅವರ ಬೆನ್ನು ಬಯಲಾಗಿರುತ್ತದೆ. ಆ ಬೆನ್ನಿಗೆ ತನ್ನ ಬೆನ್ನು ತಾಗಿಸಿ ಎರಡನೆಯವರು ನಿಲ್ಲುತ್ತಾರೆ. ಬರುವ ದಾರಿಯಿಂದ ಅವರು ಕಣ್ಣು ಕೀಳುವಂತಿಲ್ಲ. ಕೊರಳಿನಲ್ಲಿ ಸೀಟಿ ಇರುತ್ತದೆ. ಅದು ಕೇಳಿದ ಕೂಡಲೇ ಮೊದಲನೆಯವರು ತಿರುಗಿ ನೋಡದೆ ಗೋಡೆಯ ಹಿಂದಕ್ಕೆ ಹಾರಬೇಕು. ತಿರುಗಿ ನೋಡಿದರೆ ಹೊತ್ತು ಹೋಗುತ್ತದೆ. ನೋಡುವುದಿಲ್ಲ ಎಂದರೆ ಹಿಂದೆ ಇರುವವರನ್ನು ಅಷ್ಟು ನಂಬಿರಬೇಕು.

ಹತ್ತೊಂಬತ್ತು ವರ್ಷದಿಂದ ನನ್ನ ಬೆನ್ನು ಕಾಯುತ್ತಿರುವವರು ಗಡಿಯಾರ ರಿಪೇರಿಯವರು. ಸೀಟಿ ಊದಿದ್ದು ಒಟ್ಟು ಹನ್ನೊಂದು ಸಲ, ನಾನು ಹಾರಿದ್ದು ಹನ್ನೊಂದು ಸಲ. ಎಲ್ಲವೂ ನನ್ನ ಪುಸ್ತಕಗಳಲ್ಲಿವೆ. ಆ ಪುಟಗಳನ್ನು ನಿಮ್ಮ ಸಭೆಯಲ್ಲಿ ಯಾರೂ ತಿರುವಲಿಲ್ಲವಾ? ಎರಡನೆಯವರನ್ನು ತೆಗೆದಿದ್ದಾರೆ ಎಂದು ಹೇಳಿದಾಗ ಅವರು ಕಣ್ಣಿನ ಭೂತಗನ್ನಡಿ ತೆಗೆದು, “ಹಾಗಾದ್ರೆ ಅಲ್ಲಿ ನಿಲ್ಲೋರ ಬೆನ್ನು ಯಾರ್ದಮ್ಮ?” ಎಂದು ಕೇಳಿದರು. ಅದನ್ನೇ ನಿನ್ನನ್ನು ಕೇಳುತ್ತಿದ್ದೇನೆ.

ಅಂಗಳ ಬೆಳೆಸುವುದಾದರೆ ಬೆಳೆಸಿಕೊಳ್ಳಿ. ಇಪ್ಪತ್ತನಾಲ್ಕು ಸಾಲದಿದ್ದರೆ ವಾರಕ್ಕೊಂದು ರೇಸು ಮಾಡಿ. ಆದರೆ ಹೋದ ಕಡೆಯಲ್ಲೆಲ್ಲ ಜನರನ್ನು ಒಂಟಿಯಾಗಿ ನಿಲ್ಲಿಸಿ ಬರುತ್ತೀರಾ ಎಂದರೆ ನೀವು ಮಾಡುವುದು ರೇಸಲ್ಲ. ನಮ್ಮ ಟ್ರ್ಯಾಕಿನ ಹೆಸರು ಹೊಡೆದುಹಾಕಿ, ಪರವಾಗಿಲ್ಲ. ಎರಡನೆಯವರನ್ನು ವಾಪಸು ನಿಲ್ಲಿಸಿ.

ಹದಿನೆಂಟು ತುಂಬಿದ ವಾರವೇ ಪೆಟ್ಟಿಗೆ ಎತ್ತಿಕೊಂಡು ಹೋದವಳು ನೀನು. ಕರುಳಿನ ವಿಷಯ ನನಗೆ ಹೇಳಿಕೊಡಲು ಬರಬೇಡ.

ಅಕ್ಕ


ಏಪ್ರಿಲ್ 22

ಅಕ್ಕ,

ಇದನ್ನು ಹೊಸ ಊರಿನಿಂದ ಬರೆಯುತ್ತಿದ್ದೇನೆ, ಸಮುದ್ರಕ್ಕೆ ಮಣ್ಣು ತುಂಬಿದ ಕಡೆಯಿಂದ. ಡಾಂಬರು ಇನ್ನೂ ಬಿಸಿಯಿದೆ, ನಡೆದರೆ ಚಪ್ಪಲಿ ಅಂಟುತ್ತದೆ. ಪ್ರೇಕ್ಷಕರ ಕುರ್ಚಿಗಳಿಗೆ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ. ಶೌಚಾಲಯದ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ನಿನ್ನ ಕಾಗದವನ್ನು ಓದಿ ಹೇಳಿದೆ. ನೀನು ಹಾರಿದ ಹನ್ನೊಂದು ಸಲದ್ದನ್ನೂ ಹೇಳಿದೆ. ಅವೆಲ್ಲ ಸಣ್ಣಪುಟ್ಟ ಸಂದರ್ಭಗಳು, ನಿಜವಾದ ಪರೀಕ್ಷೆ ಆದದ್ದು ಒಂದೇ ಸಲ, ಅದರಲ್ಲಿ ಸೀಟಿ ಸೋತಿದೆ ಎಂದರು. ಎಲ್ಲವೂ ಆ ಒಂದು ಪುಟಕ್ಕೇ ಬಂದು ನಿಲ್ಲುತ್ತದೆ.

ನಿನ್ನದು ನಾಲ್ಕು ಹಾಳೆಯ ಕಾಗದ. ನಮ್ಮ ಸಭೆ, ನಮ್ಮ ಗಾಜಿನ ಕೋಣೆ, ನನ್ನ ಪೆಟ್ಟಿಗೆ, ಗಡಿಯಾರದವರ ಭೂತಗನ್ನಡಿ, ಎಲ್ಲವೂ ಇದೆ. ಆ ಪುಟದ ಬಗ್ಗೆ ಮಾತ್ರ ಒಂದು ಅಕ್ಷರವೂ ಇಲ್ಲ. ಅಂದು ನಾಲ್ಕು ಸೆಕೆಂಡಿನಲ್ಲಿ ಅಪ್ಪ ಯಾಕೆ ಹಾರಲಿಲ್ಲ? ಸೀಟಿ ಕೇಳಿದರೆ ತಿರುಗಿ ನೋಡದೆ ಹಾರಬೇಕು ಎಂದು ನಿನಗೆ ಕಲಿಸಿದ್ದೇ ಅವರು. ನೀನು ಅವರ ಬೆನ್ನಿಗೆ ತಾಗಿಕೊಂಡೇ ನಿಂತಿದ್ದೆ. ಅವರಿಗೆ ಕೇಳಿಸದೇ ಇರಲು ಹೇಗೆ ಸಾಧ್ಯ?

ನೀನು ನನ್ನನ್ನು ಹೌದು ಇಲ್ಲ ಎಂದು ಕೇಳಿದೆ, ನಾನು ಹೇಳಿದೆ. ಈಗ ನನ್ನ ಸರದಿ. ಆ ದಿನ ಸೀಟಿ ಊದಿದವಳು ನೀನೇನಾ?

ಇಲ್ಲಿನ ಒಂಬತ್ತನೇ ತಿರುವಿಗೆ ಒಬ್ಬ ಲೆಕ್ಕದ ಮೇಷ್ಟ್ರು ಬಂದಿದ್ದಾರೆ. ನಲವತ್ತು ದಾಟಿದವರು. ರಜೆಯಲ್ಲಿ ಏನಾದರೂ ಹೊಸದು ಮಾಡೋಣ ಎಂದು ಹೆಸರು ಕೊಟ್ಟರಂತೆ. ಎರಡು ಗಂಟೆಯ ತರಬೇತಿ ಮುಗಿದ ಮೇಲೆ ತಡೆಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಿರುವಿನ ಚಿತ್ರ ಬರೆದು, ನಾನು ಈ ಕಡೆ ನೋಡುತ್ತಿದ್ದರೆ ಆ ಕಡೆ ಯಾರು ನೋಡುತ್ತಾರೆ ಎಂದು ಕೇಳಿದರು. ನೀವೇ ನೋಡಿಕೊಳ್ಳಬೇಕು ಎಂದೆ. ಒಬ್ಬ ಮನುಷ್ಯನಿಗೆ ಎರಡೇ ಕಣ್ಣು, ಎರಡೂ ಒಂದೇ ಕಡೆಗಿವೆ ಎಂದು ನಕ್ಕರು. ನಗು ಬರಲಿಲ್ಲ ನನಗೆ.

ಉತ್ತರ ಬರೆ.

ತಂಗಿ


ಜೂನ್ 3

ಅಕ್ಕ,

ನಲವತ್ತೆರಡು ದಿನವಾಯಿತು. ನೀನು ಬರೆಯಲಿಲ್ಲ. ಅಂಗಡಿಯ ಫೋನಿಗೆ ಮಾಡಿದೆ, ಅಮ್ಮ ಎತ್ತಿ, “ಅವಳು ಬಟ್ಟೆ ಕತ್ತರಿಸ್ತಿದಾಳೆ, ಮಧ್ಯ ಬಿಡಕ್ಕಾಗಲ್ವಂತೆ” ಅಂದಳು. ಮೂರು ಸಲ ಮಾಡಿದರೂ ಅದೇ ಬಟ್ಟೆ.

ನಿನ್ನೆ ಇಲ್ಲಿ ತಾಲೀಮು ಓಟವಿತ್ತು. ಒಂಬತ್ತನೇ ತಿರುವಿನಲ್ಲಿ ಒಂದು ಕಾರು ಜಾರಿ ನಿಂತಿತು. ಮೇಷ್ಟ್ರು ಕಲಿಸಿದ ಹಾಗೇ ಆ ಕಡೆ ನೋಡುತ್ತ ಹಳದಿ ಬೀಸಿದರು. ಹಿಂದೆ ಬಂದ ಕಾರು ಹಿಡಿತ ತಪ್ಪಿ ಗೋಡೆಗೆ ಉಜ್ಜಿಕೊಂಡು ಬಂದು ಅವರಿಗೆ ಬಡಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಜೀವಕ್ಕೆ ಅಪಾಯವಿಲ್ಲವಂತೆ. ಅವರು ಗೋಡೆಯ ಮೇಲೆ ಬರೆದ ಚಿತ್ರ ಹಾಗೇ ಇದೆ.

ಮುಂದಿನ ಊರಿನ ತಾಲೀಮು ಓಟಕ್ಕೆ ಐದು ವಾರ. ಅಲ್ಲೂ ಇಪ್ಪತ್ತೆರಡು ಕಾವಲು, ಇಪ್ಪತ್ತೆರಡೇ ಜನ. ಈಗಲಾದರೂ ಬಾಯಿ ಬಿಡು.

ತಂಗಿ


ಜೂನ್ 19

ತಂಗಿಗೆ,

ಇದರ ಜೊತೆ ಇನ್ನೊಂದು ಕಾಗದವಿದೆ. ಅದು ನಿನಗಲ್ಲ, ನಿನ್ನ ಆಫೀಸಿಗೆ. ನನ್ನ ಸಹಿ ಇದೆ, ಸಾಕ್ಷಿಗೆ ಗಡಿಯಾರದವರ ಸಹಿ ಇದೆ. ಅದರಲ್ಲಿ ಬರೆದದ್ದು ಇಷ್ಟು: ಹದಿನಾಲ್ಕನೇ ಪುಸ್ತಕದ ಕೊನೆಯ ಪುಟದಲ್ಲಿ ನಾನು ಬರೆದದ್ದು ಸುಳ್ಳು. ಆ ದಿನ ನಾನು ಸೀಟಿ ಊದಲಿಲ್ಲ.

ಸೀಟಿ ನನ್ನ ಹತ್ತಿರ ಇರಲಿಲ್ಲ. ಬೆಳಿಗ್ಗೆ ಅವಸರದಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲೇ ಬಿಟ್ಟು ಬಂದಿದ್ದೆ. ಚಕ್ರ ಬರುವುದು ಕಂಡಾಗ ಕೊರಳಿಗೆ ಕೈ ಹಾಕಿದೆ, ದಾರವೇ ಇಲ್ಲ. ಕೂಗಿದೆ. ಆ ಸದ್ದಿನಲ್ಲಿ ಕೂಗು ಯಾರಿಗೆ ಕೇಳಬೇಕು? ಅಪ್ಪ ಬಾವುಟ ಬೀಸುತ್ತಲೇ ಇದ್ದರು. ಸಂಜೆ ಪುಸ್ತಕ ತೆರೆದು ಕೂತಾಗ ನನಗೆ ಇಪ್ಪತ್ತೆರಡು ವರ್ಷ, ಅಂಗಳದಲ್ಲಿ ಅಪ್ಪ ಮಲಗಿದ್ದರು, ಒಳಗೆ ಅಮ್ಮನಿಗೆ ಎಚ್ಚರ ತಪ್ಪಿತ್ತು. ಸೀಟಿ ಮರೆತೆ ಎಂದು ಬರೆಯಲು ಕೈ ಬರಲಿಲ್ಲ. ಹೆದರಿದೆ. ಊದಿದೆ ಎಂದು ಬರೆದೆ. ಕಂಡದ್ದನ್ನು ಮಾತ್ರ ಬರಿ ಎಂದು ಅಪ್ಪ ಹದಿನಾಲ್ಕು ವರ್ಷ ಹೇಳಿದ ಪುಸ್ತಕದಲ್ಲಿ, ಅವರದೇ ಸಾವಿನ ಪುಟದಲ್ಲಿ, ನಾನು ಕಾಣದ್ದನ್ನು ಬರೆದೆ.

ಅದು ಪುಸ್ತಕದಲ್ಲೇ ಮುಚ್ಚಿಕೊಂಡು ಇರುತ್ತದೆ ಅಂದುಕೊಂಡಿದ್ದೆ. ನಾನೇ ಸುತ್ತಿ ಹೊಲಿದು ನಿನಗೆ ಕಳಿಸಿದೆ ನೋಡು, ಅಷ್ಟರಮಟ್ಟಿಗೆ ಮರೆತುಬಿಟ್ಟಿದ್ದೆ. ಊರಿಗೆಲ್ಲ ಹೇಳಿ ಹೇಳಿ ನನ್ನ ಸುಳ್ಳು ನನಗೇ ನಿಜವಾಗಿತ್ತು.

ಮೇಷ್ಟ್ರ ಕಾಲು ನನ್ನ ಲೆಕ್ಕಕ್ಕೆ. ಎರಡು ತಿಂಗಳು ಬಾಯಿ ಹೊಲಿದುಕೊಂಡು ಕೂತಿದ್ದಕ್ಕೆ ನನ್ನನ್ನು ನೀನು ಏನು ಬೈದರೂ ಕಡಿಮೆ. ಅಮ್ಮ ಬೈದಾಗಿದೆ. ಅವಳಿಗೂ ಈಗಲೇ ಹೇಳಿದ್ದು.

ಪುಸ್ತಕದಲ್ಲಿ ಸುಳ್ಳು ಬರೆದವರ ಬಿಲ್ಲೆ ಕಿತ್ತುಕೊಂಡು ಕಾವಲಿನಿಂದ ತೆಗೆಯುತ್ತಾರೆ. ನಿಯಮ ನನಗೆ ಗೊತ್ತು. ಸೆಪ್ಟೆಂಬರಿನ ಕೊನೆಯ ರೇಸಿಗೆ ಬಾವುಟಗಳನ್ನು ಹೊಲಿದು ಮಡಚಿಟ್ಟಿದ್ದೇನೆ, ಬೇರೆ ಯಾರಾದರೂ ಹಿಡಿಯಲಿ. ಆದರೆ ಆ ಇಪ್ಪತ್ತೆರಡು ಜನರ ಹಿಂದೆ ಇಪ್ಪತ್ತೆರಡು ಜನರನ್ನು ನಿಲ್ಲಿಸು. ಸೀಟಿ ಸೋತಿಲ್ಲ, ಅವತ್ತು ಅಲ್ಲಿ ಸೀಟಿಯೇ ಇರಲಿಲ್ಲ ಎಂದು ಆ ಹದಿನೈದು ಜನರಿಗೆ ಹೇಳು.

ನಿನಗೆ ಉತ್ತರ ಸಿಕ್ಕಿತಲ್ಲ. ಖುಷಿಯಾಗಿರು.

ಅಕ್ಕ


ಜುಲೈ 8

ಅಕ್ಕ,

ಖುಷಿಯಾಗಿರು ಎಂದು ಬರೆಯಲು ನಿನಗೆ ಹೇಗೆ ಮನಸ್ಸು ಬಂತು?

ಸೀಟಿ ಮೊಳೆಯಲ್ಲಿರಲಿಲ್ಲ. ಒಂದು ಸುಳ್ಳು ತೆಗೆದು ಅದರ ಜಾಗಕ್ಕೆ ಇನ್ನೊಂದು ಸುಳ್ಳಿಟ್ಟು, ಅದಕ್ಕೆ ಪಾಪ ಆ ಗಡಿಯಾರದವರ ಕೈಯಲ್ಲೂ ಸಹಿ ಹಾಕಿಸಿದ್ದೀಯ. ಸೀಟಿ ಎಲ್ಲಿತ್ತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ನನ್ನ ಹತ್ತಿರ ಇತ್ತು. ಈಗಲೂ ಇದೆ. ಈ ಹೋಟೆಲಿನ ಮೇಜಿನ ಮೇಲೆ, ಕಾಗದ ಹಾರದ ಹಾಗೆ ಅದನ್ನೇ ಇಟ್ಟು ಬರೆಯುತ್ತಿದ್ದೇನೆ.

ಆಗ ನನಗೆ ಹನ್ನೊಂದು ವರ್ಷ. ಬೆಳಿಗ್ಗೆ ಗೇಟಿನ ಹತ್ತಿರ ಸೀಟಿ ಬೇಕು ಎಂದು ನೆಲಕ್ಕೆ ಬಿದ್ದು ರಂಪ ಮಾಡಿದೆ. “ಐದು ನಿಮಿಷ ಮಾತ್ರ, ಆಮೇಲೆ ತಂದುಕೊಡ್ಬೇಕು” ಎಂದು ನೀನೇ ನಿನ್ನ ಕೊರಳಿನಿಂದ ತೆಗೆದು ನನ್ನ ಕೊರಳಿಗೆ ಹಾಕಿದೆ. ನಾನು ತಂದುಕೊಡಲಿಲ್ಲ. ತಿರುವಿನ ಎದುರಿಗಿದ್ದ ಪ್ರೇಕ್ಷಕರ ಸ್ಟ್ಯಾಂಡಿಗೆ ಹೋಗಿ ಬೆಂಚಿನ ಮೇಲೆ ನಿಂತೆ. ಎತ್ತರದಲ್ಲಿದ್ದುದರಿಂದ ಆ ಚಕ್ರ ನಿನಗಿಂತ ಮೊದಲು ನನಗೇ ಕಂಡಿತು. ಊದಿದೆ ಅಕ್ಕ. ಎದೆ ಒಡೆಯುವ ಹಾಗೆ ಊದಿದೆ. ನೀನು ಕೈ ಎತ್ತಿದ್ದು ಕಂಡಿತು, ಅಪ್ಪನಿಗೆ ಸನ್ನೆ ಮಾಡುತ್ತಿದ್ದೀಯ ಅಂದುಕೊಂಡೆ. ಅಪ್ಪ ಹಾರಲಿಲ್ಲ. ಯಾರಿಗೂ ಕೇಳಿಸಲಿಲ್ಲ.

ಅಂದಿನಿಂದ ನಾನು ನಿನ್ನ ಮುಖ ನೋಡಲು ಹೆದರುತ್ತಿದ್ದೆ. ನೀನು ಒಮ್ಮೆಯೂ ಸೀಟಿ ಎಲ್ಲಿ ಎಂದು ಕೇಳಲಿಲ್ಲ. ಕೇಳಿ ಎರಡು ಏಟು ಹಾಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೇಳಲಿಲ್ಲ ಎಂದೇ ನಾನು ಮನೆ ಬಿಟ್ಟೆ. ನವೆಂಬರಿನಲ್ಲಿ ನಿನ್ನ ಪುಟ ಓದಿದಾಗ ಮೈಯೆಲ್ಲ ಉರಿಯಿತು. ನಾನು ಊದಿದ ಸೀಟಿಯನ್ನು ನೀನು ಊದಿದೆ ಎಂದು ಬರೆದುಕೊಂಡಿದ್ದೀಯ. ಹೆಸರು ಉಳಿಸಿಕೊಳ್ಳಲು ಹೀಗೆ ಮಾಡಿದಳು ಎಂದು ಹಲ್ಲು ಕಚ್ಚಿದೆ.

ಈಗ ನನ್ನದನ್ನೂ ಕೇಳು. ಆ ಪುಟ ಸುಳ್ಳು ಎಂದು ಗೊತ್ತಿದ್ದೂ ನಾನು ಸಭೆಯಲ್ಲಿ ಅದನ್ನು ಹಾಗೇ ಓದಿದೆ. ಅದು ಸುಳ್ಳು ಎನ್ನಬೇಕಾದರೆ ಸೀಟಿ ಎಲ್ಲಿತ್ತು ಎಂದೂ ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. ನೀನೇ ಹೇಳಲಿ ಎಂದು ನಿನ್ನನ್ನು ಕಾಗದದಲ್ಲಿ ಚುಚ್ಚುತ್ತ ಕೂತೆ. ನಾವಿಬ್ಬರೂ ಹೀಗೆ ನೀನು ಹೇಳು, ನೀನು ಹೇಳು ಎಂದು ಹಟ ಹಿಡಿದಿದ್ದಾಗ ಮೇಷ್ಟ್ರು ಒಂಟಿಯಾಗಿ ನಿಂತಿದ್ದರು. ಅವರ ಕಾಲನ್ನು ನಿನ್ನೊಬ್ಬಳ ಲೆಕ್ಕಕ್ಕೆ ಬರೆದುಕೊಳ್ಳಬೇಡ. ಆಸ್ಪತ್ರೆಗೆ ಹೋಗಿ ಅವರಿಗೆ ಇದೆಲ್ಲ ಹೇಳಿದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ನಿನ್ನ ಹೇಳಿಕೆಯನ್ನು ಹರಿದುಹಾಕಿ ನನ್ನದನ್ನು ಕೊಟ್ಟೆ: ಸೀಟಿ ನನ್ನ ಕೊರಳಲ್ಲಿತ್ತು, ಬೆನ್ನ ಕಾವಲಿನಲ್ಲಿ ಸೀಟಿಯೇ ಇರಲಿಲ್ಲ, ಗೊತ್ತಿದ್ದೂ ಆ ಪುಟವನ್ನು ಹಾಗೇ ಓದಿದೆ ಎಂದು. ಎರಡನೆಯವರನ್ನು ವಾಪಸು ನಿಲ್ಲಿಸುತ್ತಾರೆ, ಆರೂ ದೇಶಗಳಲ್ಲಿ. ನಿನ್ನ ಟ್ರ್ಯಾಕು ಮಾತ್ರ ಪಟ್ಟಿಗೆ ಮರಳುವುದಿಲ್ಲ, ಅದನ್ನು ತೆಗೆಯಲು ಅವರಿಗೆ ಬೇರೆ ನೂರು ಕಾರಣ ಮೊದಲೇ ಇದ್ದವು. ಹತ್ತೊಂಬತ್ತು ವರ್ಷದ ಹಳೆಯ ಪುಟ, ಉಳಿದಿರುವುದೂ ಒಂದೇ ರೇಸು ಎಂದು ನಿನ್ನ ಬಿಲ್ಲೆ ಉಳಿಸಿದ್ದಾರೆ. ನನ್ನದು ಹೋಯಿತು, ಈ ತಿಂಗಳು ಕೊನೆ.

ಒಂದು ಕೇಳುತ್ತೇನೆ. ಆವತ್ತು ಯಾಕೆ ಹಾಗೆ ಬರೆದೆ? ಹೆದರಿದೆ ಎಂದು ಮತ್ತೆ ಹೇಳಬೇಡ. ನೀನು ಹೆದರುವವಳಲ್ಲ.

ತಂಗಿ


ಜುಲೈ 30

ಪುಟ್ಟಿ,

ನಿನ್ನ ಕಾಗದ ಓದಿ ಎರಡು ವಾರ ಕುದಿಯುತ್ತಿದ್ದೆ. ಗೊತ್ತಿದ್ದೂ ಓದಿದೆಯಲ್ಲ, ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ, ಇನ್ನೂ ಇಳಿದಿಲ್ಲ. ಮೇಷ್ಟ್ರು ಕ್ಷಮಿಸಿದರೆ ಅದು ಅವರ ದೊಡ್ಡತನ. ನಾನು ಇನ್ನೂ ಕ್ಷಮಿಸಿಲ್ಲ, ನಿನ್ನನ್ನೂ, ನನ್ನನ್ನೂ.

ಆದರೆ ನೀನು ಒಂದು ಮಾತು ತಪ್ಪು ಬರೆದಿದ್ದೀಯ. ಯಾರಿಗೂ ಕೇಳಿಸಲಿಲ್ಲ ಎಂದಿದ್ದೀಯ.

ನನಗೆ ಕೇಳಿಸಿತ್ತು.

ಕಾರುಗಳ ಗುಂಪು ಆಗತಾನೇ ದಾಟಿ ಹೋಗಿತ್ತು, ಒಂದು ಗಳಿಗೆ ಸದ್ದು ಕಡಿಮೆಯಾಗಿತ್ತು. ಆಗ ಸ್ಟ್ಯಾಂಡಿನ ಕಡೆಯಿಂದ ಸೀಟಿ ಬಂತು. ನಮ್ಮ ಸೀಟಿಯ ಒಡಕು ದನಿ ನನಗೆ ಗೊತ್ತಾಗದೇ ಇರುತ್ತದಾ? ಅಪ್ಪನಿಗೂ ಕೇಳಿಸಿರಬಹುದು, ಆದರೆ ಅವರು ನಂಬಿದ್ದು ಬೆನ್ನ ಹಿಂದಿನ ಸೀಟಿಯನ್ನು, ದೂರದ್ದನ್ನಲ್ಲ. ನನ್ನ ಕಣ್ಣು ಬರುವ ದಾರಿಯ ಮೇಲಿರಬೇಕಿತ್ತು. ನಿನ್ನ ಕಡೆ ತಿರುಗಿತು. ನೀನು ಬೆಂಚಿನ ಮೇಲೆ ಕೆಂಪು ಫ್ರಾಕಿನಲ್ಲಿ ನಿಂತು ಕೈ ಚಾಚಿ ತೋರಿಸುತ್ತಿದ್ದೆ. ಆ ಫ್ರಾಕು ನಾನೇ ಹೊಲಿದದ್ದು. ಅಕ್ಕನನ್ನು ಕರೆಯುತ್ತಿದ್ದಾಳೆ ಅಂದುಕೊಂಡೆ. ನಕ್ಕೆ. ನಾನು ಕೈ ಎತ್ತಿದ್ದು ಅಪ್ಪನಿಗಲ್ಲ ಪುಟ್ಟಿ, ನಿನಗೆ ಕೈ ಬೀಸಿದೆ.

ನೀನು ಸರಿಯಾದ ಹೊತ್ತಿಗೇ ಊದಿದೆ. ನಾಲ್ಕು ಸೆಕೆಂಡು ಎಂದು ಬರೆದದ್ದು ನಿಜ, ಅವನ್ನು ನಾನು ಇವತ್ತಿಗೂ ಎಣಿಸುತ್ತೇನೆ. ಅಪ್ಪನನ್ನು ಹಿಡಿದು ತಳ್ಳಲು ಎರಡು ಸಾಕಿತ್ತು. ಆ ಪುಟದ ದೊಡ್ಡ ಸುಳ್ಳು ಯಾರು ಊದಿದರು ಎನ್ನುವುದಲ್ಲ, ಪ್ರಯೋಜನವಾಗಲಿಲ್ಲ ಎನ್ನುವುದು. ಬೆನ್ನ ಕಾವಲಿನವಳು ದಾರಿ ನೋಡುತ್ತಿದ್ದರೆ ಆಗುತ್ತಿತ್ತು.

ಅವತ್ತು ಸಂಜೆ ನೀನು ಮಂಚದ ಕೆಳಗೆ ಹೋಗಿ ಮಲಗಿದ್ದೆ, ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಬಿಡಿಸಲು ನೋಡಿದೆ, ಆಗಲಿಲ್ಲ. ಮಾರನೆಯ ದಿನ ವಿಚಾರಣೆಯವರು ಬರುವವರಿದ್ದರು. ಸೀಟಿ ನಿನ್ನ ಹತ್ತಿರ ಇತ್ತು ಎಂದು ಬರೆದರೆ ನಿನ್ನನ್ನು ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ಬದುಕಿಡೀ ಜನ ನಿನ್ನನ್ನು ಸೀಟಿ ಇಸಿದುಕೊಂಡ ಹುಡುಗಿ ಎಂದೇ ನೋಡುತ್ತಿದ್ದರು. ಅದಕ್ಕೇ ನನ್ನ ಹೆಸರಿಗೆ ಬರೆದುಕೊಂಡೆ. ಎಲ್ಲಿ ಸೀಟಿ ಎಂದು ನಿನ್ನನ್ನು ಕೇಳದೇ ಇದ್ದದ್ದೂ ಅದಕ್ಕೇ. ನಿನ್ನ ಮೇಲಿನ ಸಿಟ್ಟಿಗಲ್ಲ. ಅಷ್ಟು ಹೇಳಿಬಿಟ್ಟಿದ್ದರೆ ನೀನು ಪೆಟ್ಟಿಗೆ ಎತ್ತುತ್ತಿರಲಿಲ್ಲವೇನೋ. ಹೇಳಲು ನನಗೆ ಬರಲಿಲ್ಲ, ಹೊಲಿಯಲು ಮಾತ್ರ ಬರುತ್ತದೆ.

ಸೆಪ್ಟೆಂಬರ್ ಹನ್ನೆರಡಕ್ಕೆ ಕೊನೆಯ ರೇಸು. ಗಡಿಯಾರದವರಿಗೆ ಕಣ್ಣಿನ ಪೊರೆ ಬಂದಿದೆ. “ಮುಳ್ಳೇ ಕಾಣಲ್ಲ ತಾಯಿ, ಕಾರು ಎಲ್ಲಿ ಕಾಣ್ಬೇಕು, ನಂದು ಮುಗೀತು” ಎಂದು ಬಿಲ್ಲೆ ತಂದುಕೊಟ್ಟು ಹೋದರು. ನನ್ನ ಬೆನ್ನ ಹಿಂದೆ ಈಗ ಯಾರೂ ಇಲ್ಲ. ಎರಡನೆಯವರನ್ನು ಆರಿಸುವುದು ಕಾವಲಿನ ಮುಖ್ಯಸ್ಥೆಯಾದ ನನ್ನ ಹಕ್ಕು, ಅದಕ್ಕೆ ನಿನ್ನ ದೊಡ್ಡ ಆಫೀಸಿನ ಬಿಲ್ಲೆ ಬೇಕಾಗಿಲ್ಲ. ಬಾ ಎಂದು ಕರೆಯುತ್ತಿಲ್ಲ. ಜಾಗ ಖಾಲಿ ಇದೆ ಎಂದು ತಿಳಿಸುತ್ತಿದ್ದೇನೆ.

ಬಂದರೆ ನನ್ನ ಜೊತೆ ಮಾತಾಡಬೇಕೆಂದೇನಿಲ್ಲ. ಅಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡುವುದೂ ಇಲ್ಲ. ನೀನು ಊದಿದರೆ ನಾನು ತಿರುಗಿ ನೋಡದೆ ಹಾರುತ್ತೇನೆ. ಗೇಟು ಬೆಳಿಗ್ಗೆ ಆರಕ್ಕೆ ಮುಚ್ಚುತ್ತಾರೆ, ಆಮೇಲೆ ಯಾರು ಬಂದರೂ ಬಿಡುವುದಿಲ್ಲ. ಸೀಟಿಯನ್ನು ಚೀಲದಲ್ಲಿ ಹಾಕಿಕೊಂಡು ಬರಬೇಡ, ಕೊರಳಿಗೇ ಹಾಕಿಕೊಂಡು ಬಾ.

ಅಕ್ಕ